ಗೆರೆ ತೀರ್ಥೇಶನ ಹೊಗೆ ಮಿಷನ್ನು

ತೀರ್ಥೇಶನಿಗೆ ಸಿಟ್ಟು ಬರಿಸಲು ಯಾರೂ ಹೆಚ್ಚು ಕಷ್ಟಪಡಬೇಕಿರಲಿಲ್ಲ. ಅವನೆದುರು ನಿಂತು ಒಂದು ನೇರಳೆ ಹಣ್ಣನ್ನು ಮೂಗಿಗೆ ಹಿಡಿದು, ಎರಡು ಸಲ ಉಸಿರೆಳೆದು, "ಹೊಗೆ ಎಲ್ಲಿದೆ ಮಾರಾಯ್ರೆ? ಎಂಥದೂ ಇಲ್ಲ" ಅಂದರೆ ಸಾಕು. ನಲವತ್ತನಾಲ್ಕು ವರ್ಷದ ಆ ಮನುಷ್ಯನ ಕಿವಿ ಕೆಂಪಾಗುತ್ತಿತ್ತು. "ಮೂಗಿಗೆ ಗೊತ್ತಾಗೋ ಹಂಗಿದ್ರೆ ನನ್ನನ್ನ ಇಲ್ಲಿ ಯಾಕೆ ಕೂರಿಸಿದ್ದಾರೆ?" ಎಂದು ರೇಗುತ್ತಿದ್ದ. ಹಣ್ಣು ತಂದವರು ನಕ್ಕು ಆ ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅವನನ್ನು ಕೂರಿಸಿದ್ದು ಆನಂದಪುರದ ಹತ್ತಿರ, ಸಾಗರದ ರಸ್ತೆ ಪಕ್ಕದ ಒಂದು ಹಣ್ಣಿನ ವೈನ್ ಘಟಕದಲ್ಲಿ. ಮೊದಲು ಅದು ಅಕ್ಕಿ ಗಿರಣಿ. ಮಾಲೀಕ ನಟರಾಜ್ ಗಿರಣಿ ಕಿತ್ತು, ಉಕ್ಕಿನ ಟ್ಯಾಂಕುಗಳನ್ನು ನಿಲ್ಲಿಸಿ, ಅನಾನಸಿನಿಂದಲೂ ನೇರಳೆಯಿಂದಲೂ ವೈನ್ ಮಾಡುತ್ತಿದ್ದರು. ಹಿಂದೆ ತೌಡು ತುಂಬಿಡುತ್ತಿದ್ದ ಕೋಣೆಗೆ ಟೈಲ್ಸ್ ಹಾಕಿಸಿ ಅದನ್ನೇ ಲ್ಯಾಬ್ ಎಂದರು. ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಕೆಮಿಸ್ಟ್ರಿ ಓದಿ, ಹನ್ನೆರಡು ವರ್ಷ ಒಂದು ಪೇಂಟ್ ಕಾರ್ಖಾನೆಯಲ್ಲಿ ಡಬ್ಬಿ ಅಲ್ಲಾಡಿಸಿ ಬೇಸತ್ತ ತೀರ್ಥೇಶ ಇಲ್ಲಿಗೆ ಬಂದ. ಬಣ್ಣಕ್ಕಿಂತ ಹಣ್ಣು ವಾಸಿ ಅಂದುಕೊಂಡಿದ್ದ. ಆ ಮಾತನ್ನು ಆಮೇಲೆ ಎಷ್ಟೋ ಸಲ ನುಂಗಿಕೊಂಡಿದ್ದಾನೆ.

ಎರಡು ವರ್ಷದ ಹಿಂದೆ ಒಂದು ಟ್ಯಾಂಕ್ ನೇರಳೆ ವೈನ್ ಪೂರ್ತಿ ಕೆಟ್ಟಿತು. ಹಣ್ಣು ಬಂದ ದಿನ ಅದರಲ್ಲಿ ಯಾವ ದೋಷವೂ ಇರಲಿಲ್ಲ. ಇಳಿಸಿದವರು, ತೊಳೆದವರು, ನಟರಾಜ್, ತೀರ್ಥೇಶ, ಎಲ್ಲರೂ ನಾಲಿಗೆ ನೀಲಿಯಾಗುವಷ್ಟು ತಿಂದಿದ್ದರು. ಮೂರು ತಿಂಗಳ ಮೇಲೆ ಟ್ಯಾಂಕಿನ ನಲ್ಲಿ ತಿರುಗಿಸಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರೆ ಒಲೆಯ ಬೂದಿ ನೆಕ್ಕಿದ ಹಾಗಿತ್ತು. ವಿಚಾರಿಸಿದಾಗ ಗೊತ್ತಾಯಿತು, ಹಣ್ಣು ಬಂದ ಗುಡ್ಡಕ್ಕೆ ಏಪ್ರಿಲ್ ತಿಂಗಳಲ್ಲಿ ಎಂಟು ದಿನ ಬೆಂಕಿ ಬಿದ್ದಿತ್ತು. ಮರದ ಮೇಲಿದ್ದ ಕಾಯಿ ಆ ಹೊಗೆಯನ್ನೆಲ್ಲ ಕುಡಿದಿತ್ತು. ಕುಡಿದ ಹೊಗೆ ಕಾಯಿಯೊಳಗಿನ ಸಕ್ಕರೆಗೆ ಗಂಟು ಬಿದ್ದು ಸುಮ್ಮನೆ ಕೂತಿರುತ್ತದೆ. ಮೂಗಿಗೂ ಸಿಗದು, ನಾಲಿಗೆಗೂ ಸಿಗದು. ಹಣ್ಣು ಟ್ಯಾಂಕಿನಲ್ಲಿ ಹುಳಿಯಲು ಶುರುವಾದ ಮೇಲೆ ಗಂಟು ಬಿಚ್ಚಿಕೊಂಡು ಹೊರಗೆ ಬರುತ್ತದೆ. ಅಷ್ಟು ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. "ಕೆಮಿಸ್ಟ್ ಅಂತ ಒಬ್ಬರನ್ನ ಇಟ್ಕೊಂಡು ಎಂಥ ಪ್ರಯೋಜನ ಆಯ್ತು?" ಎಂದು ನಟರಾಜ್ ಎಲ್ಲರೆದುರು ಕೇಳಿದರು. ಆ ಪ್ರಶ್ನೆ ತೀರ್ಥೇಶನಿಗೆ ಇವತ್ತಿಗೂ ಊಟದ ನಡುವೆ ನೆನಪಾಗುತ್ತದೆ.

ಅದಕ್ಕೇ ಹೊಗೆ ಮಿಷನ್ನು ಬಂತು. ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಅದರ ಬೆನ್ನಿಗೆ ಮಾಸ್ ಸ್ಪೆಕ್ಟ್ರೋಮೀಟರ್. ಬೆಂಗಳೂರಿನ ಯಾವುದೋ ಔಷಧ ಕಂಪನಿ ಹಳೆಯದಾಯಿತೆಂದು ಬಿಟ್ಟದ್ದನ್ನು ತೀರ್ಥೇಶ ಹುಡುಕಿ, ಗೋಗರೆದು, ಹೋದ ಅಕ್ಟೋಬರಿನಲ್ಲಿ ತರಿಸಿದ. ಹಣ್ಣಿನ ರಸಕ್ಕೆ ಆಮ್ಲ ಹಾಕಿ ಕಾಯಿಸಿ, ಹೊಗೆಯ ಗಂಟನ್ನು ಬಲವಂತವಾಗಿ ಬಿಚ್ಚಿಸಿ, ಅದರ ಸಾರವನ್ನು ಸೂಜಿಯಲ್ಲಿ ಒಂದು ಹನಿಗಿಂತ ಕಡಿಮೆ ಒಳಗೆ ಬಿಡಬೇಕು. ಆಮೇಲೆ ಕಂಪ್ಯೂಟರ್ ಪರದೆಯ ಮೇಲೆ ಓಡುವ ಗೆರೆ ನೋಡುತ್ತಾ ಕೂರಬೇಕು. ಒಂಬತ್ತನೇ ನಿಮಿಷಕ್ಕೆ ಗೆರೆ ಮಟ್ಟಸವಾಗಿ ದಾಟಿದರೆ ಹಣ್ಣು ಶುದ್ಧ. ಅಲ್ಲಿ ತಲೆ ಎತ್ತಿದರೆ ಗ್ವಾಯಕಾಲ್ ಎಂಬ ಹೊಗೆಯ ಅಂಶ ಇದೆ, ಅಂದರೆ ಹಣ್ಣು ಹೊಗೆ ಕುಡಿದಿದೆ. ಹೀಗೆ ಗೆರೆ ಕಾಯುತ್ತಾ ಕೂತು ಕೂತು ಅವನಿಗೆ 'ಗೆರೆ ತೀರ್ಥೇಶ' ಎಂಬ ಹೆಸರು ಬಿತ್ತು.

ಮಿಷನ್ನಿನ ಜೊತೆ ಅವನ ಸಂಸಾರ ಸುಖದ್ದೇನಲ್ಲ. ಅದರ ಒಳಗಿನ ಗಾಳಿಯೆಲ್ಲ ಹೊರಹೋಗಿ ಅದು ಸಿದ್ಧವಾಗಲು ಆರು ಗಂಟೆ ಬೇಕು; ಐದೂವರೆ ಗಂಟೆಗೆ ಕರೆಂಟು ಹೋಗುತ್ತಿತ್ತು. ಹೀಲಿಯಂ ಸಿಲಿಂಡರ್ ಬರುತ್ತದೆ ಬರುತ್ತದೆ ಎಂದು ಹದಿನೈದು ದಿನ ಶಿವಮೊಗ್ಗದಲ್ಲೇ ಕೂತಿರುತ್ತಿತ್ತು. ಸರ್ವಿಸ್ ಇಂಜಿನಿಯರ್ ಬೆಂಗಳೂರಿನಿಂದ ಫೋನಿನಲ್ಲೇ, "ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅನ್ನುತ್ತಿದ್ದ. ಮೇ ತಿಂಗಳ ಒಂದು ಗುಡುಗಿಗೆ ಪಕ್ಕದ ಸೆಂಟ್ರಿಫ್ಯೂಜ್ ಸುಟ್ಟುಹೋಯಿತು. ರಸವನ್ನು ಗಿರ್ರನೆ ತಿರುಗಿಸಿ ಚರಟ ಬೇರೆ ಮಾಡುತ್ತಿದ್ದ ಯಂತ್ರ ಅದು. ರಿಪೇರಿಗೆ ಹೋದದ್ದು ವಾಪಸು ಬರಲೇ ಇಲ್ಲ.

ಹಾಗಂತ ಕೆಲಸ ನಿಲ್ಲಿಸುವವನೇ ತೀರ್ಥೇಶ? ಪೇಟೆಯಿಂದ ತೆಳು ಬಿಳಿ ಮಲ್ಲಿನ ಬಟ್ಟೆ ತಂದು, ನಾಲ್ಕು ತುಂಡು ಮಾಡಿ, ರಸವನ್ನು ಅದರಲ್ಲಿ ಸೋಸಲು ಶುರು ಮಾಡಿದ. ಆ ಬಟ್ಟೆಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಘಟಕದವರು ತೊಳೆದರೆ ಸೋಪು ಉಳಿಯುತ್ತದೆ ಎಂದು ಮನೆಗೆ ಒಯ್ದು, ಮೂರು ಸಲ ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಗರಿಗರಿಯಾಗಿ ಒಣಗಿಸಿ, ಹೊಸ ಕವರಿನಲ್ಲಿ ಹಾಕಿಕೊಂಡು ಬರುತ್ತಿದ್ದ. ಹೆಂಡತಿ ಭವ್ಯಶ್ರೀ ಮುಟ್ಟಲು ಹೋದರೂ, "ಅದು ಲ್ಯಾಬಿಂದು, ಕೈ ಹಾಕಬೇಡ" ಎಂದು ಗದರುತ್ತಿದ್ದ. "ನಿಮ್ಮ ಮಡಿ ನಮ್ಮಜ್ಜಿಗೂ ಇರ್ಲಿಲ್ಲ" ಎಂದು ಅವಳು ನಗುತ್ತಿದ್ದಳು.

ಈ ಜೂನಿನಲ್ಲಿ ಮೊದಲು ನೇರಳೆ ತಂದವರು ನಿಟ್ಟೂರು ಕಡೆಯ ಮೂಕಮ್ಮ. ಅರವತ್ತು ದಾಟಿದ ಹೆಂಗಸು, ಸೊಂಟ ಇನ್ನೂ ನೆಟ್ಟಗಿತ್ತು. ಅವರ ಊರಿನ ಮೇಲಿನ ಗುಡ್ಡದಲ್ಲಿ ಹಳೆಯ ನೇರಳೆ ಮರಗಳಿವೆ. ಆ ಗುಡ್ಡಕ್ಕೆ ಪ್ರತಿ ಮಾರ್ಚಿನಲ್ಲಿ ಬೆಂಕಿ ಹಚ್ಚುವುದು ರೂಢಿ. ಒಣಹುಲ್ಲು ಸುಟ್ಟರೆ ಮಳೆಗೆ ಎಳೆ ಹುಲ್ಲು ಬರುತ್ತದೆ, ದನ ಎಮ್ಮೆಗಳಿಗೆ ಆಗುತ್ತದೆ ಎಂದು. ಹಚ್ಚುವ ಕೈ ಯಾವಾಗಲೂ ಚಂದ್ರಯ್ಯನದು. ಮೂಕಮ್ಮನ ಬೇಲಿಯಾಚೆಯ ಮನೆಯವನು, ಐದು ಎಮ್ಮೆ ಕಟ್ಟಿದವನು. ಬೆಂಕಿ ಬೀಳದ ಗುಡ್ಡದ ಹಣ್ಣನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಹೋದ ನವೆಂಬರಿನಲ್ಲಿ ನಟರಾಜ್ ಮತ್ತು ತೀರ್ಥೇಶ ಊರಿಗೆ ಹೋಗಿ ಹೇಳಿ ಬಂದಿದ್ದರು. ಮೂಕಮ್ಮ ಚಂದ್ರಯ್ಯನನ್ನು ಊರು ಕಾಯುವ ಚೌಡಿಯ ಬನಕ್ಕೆ ಕರೆದೊಯ್ದು, ದೇವರ ಕಲ್ಲಿನ ಮೇಲೆ ಕೈ ಇಡಿಸಿ, ಈ ವರ್ಷ ಗುಡ್ಡಕ್ಕೆ ಕಡ್ಡಿ ಗೀರುವುದಿಲ್ಲ ಎಂದು ಆಣೆ ಮಾಡಿಸಿದರು. ಆಮೇಲೆ ತಾವೂ ಐದು ಜನ ಹೆಂಗಸರೂ ಸೇರಿ ಫೆಬ್ರವರಿಯಿಂದ ಮೇ ತನಕ ಪಾಳಿಯಲ್ಲಿ ಗುಡ್ಡ ಕಾದರು.

ಹದಿನಾಲ್ಕು ಕ್ರೇಟು ಹಣ್ಣು ಪಿಕಪ್ಪಿನಲ್ಲಿ ಬಂದಿತ್ತು. ಮೂಕಮ್ಮ ಚಪ್ಪಲಿ ಹೊರಗೆ ಬಿಟ್ಟು ಲ್ಯಾಬಿನೊಳಗೆ ಬಂದು, ತೀರ್ಥೇಶನ ಭುಜದ ಹತ್ತಿರ ಬಗ್ಗಿ, ಅವನ ಜೊತೆಗೇ ಪರದೆ ನೋಡುತ್ತಾ ನಿಂತರು. ಒಂಬತ್ತನೇ ನಿಮಿಷಕ್ಕೆ ಗೆರೆ ತಲೆ ಎತ್ತಿತು.

"ಹೊಗೆ ಇದೆ," ಅಂದ ತೀರ್ಥೇಶ.

"ಎಲ್ಲಿಂದ ಬರ್ತದೆ ಗೌಡ್ರೇ? ಒಂದು ಕಡ್ಡಿ ಗೀರಿಲ್ಲ ನಾವು."

"ಎಲ್ಲರೂ ಹಂಗೇ ಹೇಳ್ತಾರೆ."

ಹೇಳಿದ ಮೇಲೆ ಅವನಿಗೇ ಸ್ವಲ್ಪ ಒರಟಾಯಿತು ಅನಿಸಿತು. ಇನ್ನೊಂದು ಕ್ರೇಟಿನ ಹಣ್ಣು ತೆಗೆದು, ಸೋಸಿ, ಮತ್ತೆ ನೋಡಿದ. ಅದೇ ಗೆರೆ, ಅದೇ ಎತ್ತರ. ಮೂಕಮ್ಮನಿಗೆ ಅನುಮಾನ ಉಳಿಯಬಾರದೆಂದು ಹಣ್ಣಿಲ್ಲದ ಬರೀ ಶುದ್ಧ ನೀರನ್ನು ಬಾಟಲಿಯಿಂದ ನೇರವಾಗಿ ತೆಗೆದು, ಅದಕ್ಕೂ ಅದೇ ಆಮ್ಲ ಹಾಕಿ ಕಾಯಿಸಿ, ಮಿಷನ್ನಿಗೆ ಕೊಟ್ಟ. ಗೆರೆ ಅಲುಗದೆ ದಾಟಿತು.

"ನೋಡಿ, ಇದು ಬರೀ ನೀರು. ಇದರಲ್ಲಿ ಎದ್ದೇಳಲಿಲ್ಲ. ನಿಮ್ಮ ಹಣ್ಣಿಗೆ ಏಳ್ತದೆ. ಮಿಷನ್ನಿಗೆ ನಿಮ್ಮ ಮೇಲೆ ಎಂಥ ದ್ವೇಷ ಮೂಕಮ್ಮನೋರೆ?"

ಮೂಕಮ್ಮ ಮುಚ್ಚಿಡದೆ ಹೇಳಿದರು. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ರಸ್ತೆ ಕಡೆಯಿಂದ ಬೆಂಕಿ ಬಂದದ್ದು ಹೌದು. ಯಾರೋ ಬೀಡಿ ಎಸೆದಿರಬೇಕು. "ಅರ್ಧ ಗಂಟೆನೂ ಉರೀಲಿಲ್ಲ. ಚಂದ್ರಯ್ಯ ಹಸಿ ಸೊಪ್ಪು ಹಿಡ್ಕೊಂಡು ಬಡಿದು ಬಡಿದು ಆರಿಸಿದ. ಮೀನಖಂಡ ಸುಟ್ಕೊಂಡ."

"ಮೊದ್ಲು ನೋಡಿದ್ದು ಯಾರು?"

"ಅವನೇ. ನಾವು ಓಡಿ ಹೋಗೋ ಹೊತ್ತಿಗೆ ಆಗ್ಲೇ ಅಲ್ಲಿದ್ದ."

ತೀರ್ಥೇಶ ಪರದೆಯಿಂದ ಕಣ್ಣು ತೆಗೆಯದೆ ಅಂದ, "ಬೆಂಕಿ ಹತ್ರ ಮೊದ್ಲು ಇದ್ದೋರೇ ಹಚ್ಚಿದೋರೂ ಇರಬಹುದು. ಇಷ್ಟು ಹೊಗೆ ಅರ್ಧ ಗಂಟೇಲಿ ಬರೋದಲ್ಲ. ನೀವಿಲ್ಲದಾಗ ಎಷ್ಟು ಸಲ ಹಚ್ಚಿದ್ರೋ ಯಾರಿಗೆ ಗೊತ್ತು?"

ಮೂಕಮ್ಮ ಪರದೆಯತ್ತ ಬೆರಳು ತೋರಿಸಿದರು. ಆ ಗೆರೆಯನ್ನು ಕಾಗದದ ಮೇಲೆ ತೆಗೆದುಕೊಡಿ ಎಂದು ಕೇಳಿದರು. ತೀರ್ಥೇಶ ಪ್ರಿಂಟ್ ತೆಗೆದು, ಒಂಬತ್ತನೇ ನಿಮಿಷದ ಗುಡ್ಡೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟ. ನಿಯಮದಂತೆ ಒಂದು ಡಬ್ಬಿ ಹಣ್ಣನ್ನು ಹೆಸರು ಬರೆದು ಫ್ರೀಜರಿನಲ್ಲಿಟ್ಟ. ಉಳಿದದ್ದನ್ನು ಹೊತ್ತು ಪಿಕಪ್ಪು ಬಂದ ದಾರಿಯಲ್ಲೇ ಹೊರಟಿತು. ನೇರಳೆ ಎರಡು ದಿನಕ್ಕಿಂತ ಹೆಚ್ಚು ತಡೆಯುವ ಹಣ್ಣಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಆ ಸಂಜೆ ತೀರ್ಥೇಶ ಹೆಮ್ಮೆಯಲ್ಲೇ ಮನೆಗೆ ಹೋದ. ಒಂದು ಟ್ಯಾಂಕ್ ಉಳಿಸಿದೆ ಅಂದುಕೊಂಡ. ಮೂರನೇ ದಿನ ಹೊನ್ನೆಮರಡು ಕಡೆಯಿಂದ ಹಣ್ಣು ಬಂತು. ಹಿನ್ನೀರಿನ ನಡುಗಡ್ಡೆಯ ಮರಗಳಿಂದ ದೋಣಿಯಲ್ಲಿ ಹೋಗಿ ಕೊಯ್ದು ತಂದದ್ದು. ಅದರಲ್ಲೂ ಹೊಗೆ. ನಡುಗಡ್ಡೆಗೆ ಹೋಗಿ ಬೆಂಕಿ ಹಚ್ಚುವವರು ಯಾರು ಎಂದು ತೀರ್ಥೇಶ ತಲೆ ಕೆರೆದುಕೊಂಡ. ಆರನೇ ದಿನ ಅನಾನಸಿನಲ್ಲಿ ಹೊಗೆ. ಏಳನೇ ದಿನ ಘಟಕದ ಹಿತ್ತಲಲ್ಲೇ ಇದ್ದ, ಅವನೇ ದಿನಾ ನೋಡುವ ನೇರಳೆ ಮರದ ಹಣ್ಣಿನಲ್ಲೂ ಹೊಗೆ.

"ಇಡೀ ಜಿಲ್ಲೆಗೇ ಬೆಂಕಿ ಬಿದ್ದಿದೆಯಾ ತೀರ್ಥೇಶ್?" ಎಂದು ನಟರಾಜ್ ಕೇಳಿದರು. "ಟ್ಯಾಂಕೆಲ್ಲ ಖಾಲಿ ನಿಂತಿದೆ. ನೇರಳೆ ಇನ್ನೊಂದು ವಾರ ಸಿಕ್ಕೀತು, ಅಷ್ಟೇ. ನಿಮ್ಮ ಮಿಷನ್ನು ನಮ್ಮನ್ನ ಉಳಿಸಕ್ಕೆ ಬಂದಿದ್ದೋ ಮುಳುಗಿಸಕ್ಕೋ?"

ತೀರ್ಥೇಶ ಸೂಜಿ ಬದಲಿಸಿದ. ಒಳಗಿನ ಗಾಜಿನ ಕೊಳವೆ ಬದಲಿಸಿದ. ಮೂವತ್ತು ಮೀಟರಿನ ತಂತಿಯಂಥ ಕಾಲಮ್ಮನ್ನೇ ಬಿಚ್ಚಿ ಹೊಸದು ಸುತ್ತಿದ. ಇಂಜಿನಿಯರನಿಗೆ ಫೋನು ಮಾಡಿದರೆ, "ಸರ್, ಬ್ಲಾಂಕ್ ಹೇಗಿದೆ? ಬರೀ ನೀರಿನದು?" ಎಂದು ಕೇಳಿದ. ಸ್ವಚ್ಛವಾಗಿದೆ ಅಂದ ತೀರ್ಥೇಶ. "ಹಾಗಿದ್ರೆ ಮಿಷನ್ ಸರಿ ಇದೆ ಸರ್. ಹಣ್ಣಲ್ಲೇ ಇದೆ." ಇದೇ ಮಾತನ್ನು ತಾನು ಮೂಕಮ್ಮನಿಗೆ ಹೇಳಿದ್ದೆ ಎಂದು ನೆನಪಾಗಿ ತೀರ್ಥೇಶನಿಗೆ ಮೈಯೆಲ್ಲ ಉರಿಯಿತು. ನೀರು ಕೊಟ್ಟಾಗಲೆಲ್ಲ ಆ ಗೆರೆ ಒಳ್ಳೆಯ ಮಗುವಿನ ಹಾಗೆ ಮಟ್ಟಸವಾಗಿ ಹೋಗುತ್ತಿತ್ತು. ಹಣ್ಣು ಕೊಟ್ಟರೆ ತಲೆ ಎತ್ತುತ್ತಿತ್ತು. ಅವನಿಗೆ ಅದರ ತಲೆಯ ಮೇಲೆ ಕುಟ್ಟುವ ಹಾಗಾಗುತ್ತಿತ್ತು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಅಂತ ರೇಗಿದ, ಹೆಚ್ಚು ಅಂತಲೂ ರೇಗಿದ. "ನನ್ನ ಅಡುಗೇನೂ ಆ ಮಿಷನ್ನಿಗೆ ಹಾಕಿ ನೋಡಿ" ಎಂದು ಭವ್ಯಶ್ರೀ ತಟ್ಟೆ ಎತ್ತಿಕೊಂಡು ಹೋದಳು.

ಹನ್ನೊಂದನೇ ದಿನ ಬೆಳಿಗ್ಗೆ ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟಾಗ ಭವ್ಯಶ್ರೀ ಅಡುಗೆಮನೆಯಿಂದಲೇ ಕೂಗಿದಳು. "ರೀ, ನಿಮ್ಮ ಲ್ಯಾಬಿನ ಬಟ್ಟೆ ಗಳದ ಮೇಲಿಂದ ತೆಗೀರಿ. ಇವತ್ತು ಹಸಿ ಸೌದೆ ಹಾಕಿದ್ದೀನಿ, ಮಸಿ ಕೂರ್ತದೆ. ನಾನು ಮುಟ್ಟಿದ್ರೆ ಬೈತೀರಿ."

ತೀರ್ಥೇಶ ಬಚ್ಚಲ ಬಾಗಿಲಲ್ಲಿ ನಿಂತು ತಲೆ ಎತ್ತಿದ. ಹಂಡೆಯ ಕೆಳಗೆ ಒಲೆ ಉರಿಯುತ್ತಿತ್ತು. ಒಲೆಯ ಮೇಲೆ ಅಡ್ಡ ಕಟ್ಟಿದ ಬಿದಿರ ಗಳದಲ್ಲಿ ಅವಳ ಸೀರೆ, ಅವನ ಅಂಗಿ, ಅವನ ಲ್ಯಾಬ್ ಕೋಟು, ಪಕ್ಕದಲ್ಲಿ ನಾಲ್ಕು ಬಿಳಿ ಮಲ್ಲಿನ ತುಂಡು. ಮಳೆ ಹಿಡಿದ ದಿನದಿಂದ ಅವನೇ ಕೈಯಾರೆ ಅಲ್ಲಿ ಹರವುತ್ತಿದ್ದ. ಮಳೆಗಾಲದಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ. ಅವನ ಅಮ್ಮ ಒಣಗಿಸಿದ್ದು ಹಾಗೆ, ಎಲ್ಲರ ಅಮ್ಮಂದಿರೂ ಒಣಗಿಸಿದ್ದು ಹಾಗೆ. ಅದನ್ನು ಯಾರೂ ಯೋಚನೆ ಮಾಡಿ ಮಾಡುವುದಿಲ್ಲ. ಹಸಿ ಸೌದೆಯ ಹೊಗೆ ನಿಧಾನವಾಗಿ ಮೇಲೆದ್ದು ಆ ನಾಲ್ಕು ಬಿಳಿ ತುಂಡುಗಳ ನಡುವೆ ಸುತ್ತಾಡುತ್ತಿತ್ತು.

ಒಂದನ್ನು ಎಳೆದು ಮೂಗಿಗೆ ಹಿಡಿದ. ಬೆಚ್ಚಗಿನ ಬಟ್ಟೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ಆ ಹೊಗೆಯಲ್ಲೇ ಒಣಗಿದ್ದನ್ನು ಉಟ್ಟು ಬೆಳೆದವನ ಮೂಗಿಗೆ ಅದು ಹೊಗೆಯೇ ಅಲ್ಲ. ಸ್ನಾನ ಮಾಡದೆ, ತಿಂಡಿ ತಿನ್ನದೆ ಘಟಕಕ್ಕೆ ಹೊರಟ.

ಶುದ್ಧ ನೀರನ್ನು ಆ ಬಟ್ಟೆಯಲ್ಲಿ ಸೋಸಿ ಕೊಟ್ಟ. ಒಂಬತ್ತನೇ ನಿಮಿಷಕ್ಕೆ ಗೆರೆ ಎದ್ದು ನಿಂತಿತು. ಅಂಗಡಿಯಿಂದ ಆಗಷ್ಟೇ ತಂದ ಹೊಸ ಬಟ್ಟೆಯಲ್ಲಿ ಸೋಸಿದ ನೀರಿಗೆ ಏಳಲಿಲ್ಲ. ಇಷ್ಟು ದಿನ ಹಣ್ಣಿನ ರಸವನ್ನು ಸೋಸುತ್ತಿದ್ದ, ಪರೀಕ್ಷೆಯ ನೀರನ್ನು ಸೋಸುತ್ತಿರಲಿಲ್ಲ. ನೀರಿನಲ್ಲಿ ಚರಟ ಎಲ್ಲಿದೆ ಎಂಬ, ಸೆಂಟ್ರಿಫ್ಯೂಜ್ ಇದ್ದ ಕಾಲದ ಅಭ್ಯಾಸ ಹಾಗೇ ಉಳಿದಿತ್ತು. ಫ್ರೀಜರಿನಿಂದ ಮೂಕಮ್ಮನ ಡಬ್ಬಿ ತೆಗೆದು, ಹೊಸ ಬಟ್ಟೆಯಲ್ಲಿ ಸೋಸಿ, ಸೂಜಿ ಒತ್ತಿದ. ಏಳನೇ ನಿಮಿಷ, ಎಂಟು, ಒಂಬತ್ತು, ಹತ್ತು. ಗೆರೆ ಮಿಸುಕಲಿಲ್ಲ. ಮೂರು ಸಲ ನೋಡಿದ, ಮೂರು ಸಲವೂ ಅಷ್ಟೇ. ಅಷ್ಟು ಒಳ್ಳೆಯ ಹಣ್ಣು ಆ ಮಿಷನ್ನು ಬಂದ ಮೇಲೆ ಘಟಕದ ಬಾಗಿಲಿಗೆ ಬಂದಿರಲಿಲ್ಲ. ತೀರ್ಥೇಶನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಅಸಹ್ಯವಾಯಿತು.

ನಟರಾಜ್‌ಗೆ ಮಾತ್ರ ಖುಷಿಯಾಯಿತು. "ಸದ್ಯ, ಸಿಕ್ತಲ್ಲ! ಹೊನ್ನೆಮರಡಿನೋರಿಗೆ ಇವತ್ತೇ ಫೋನ್ ಮಾಡ್ತೀನಿ."

"ನಿಟ್ಟೂರಿಗೆ ಹೋಗಿ ಬರ್ತೀನಿ ಸರ್. ಮೂಕಮ್ಮನೋರಿಗೆ ಹೇಳ್ಬೇಕು."

"ಹೇಳೋದು ಎಂಥದು? ಅವರ ಹಣ್ಣು ಇಷ್ಟೊತ್ತಿಗೆ ಕೊಳೆತು ಹೋಗಿರ್ತದೆ. ಮಿಷನ್ ರಿಪೇರಿ ಆಯ್ತು, ಮುಂದಿನ ವರ್ಷ ತನ್ನಿ ಅಂತ ಫೋನಲ್ಲಿ ಹೇಳಿ ಸಾಕು. ಬಚ್ಚಲೊಲೆ ಅಂತೆಲ್ಲ ಹೇಳಿದ್ರೆ ನಾಳೆ ನಿಮ್ಮ ಗೆರೇನ ಯಾರು ನಂಬ್ತಾರೆ?"

ಆ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಆದರೂ ಮರುದಿನ ತೀರ್ಥೇಶ ಹಳೆ ಬಟ್ಟೆಯದೊಂದು, ಹೊಸ ಬಟ್ಟೆಯದೊಂದು ಗೆರೆಯ ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ರಿಪ್ಪನ್‌ಪೇಟೆ, ಹೊಸನಗರ, ನಗರ ದಾಟಿ ನಿಟ್ಟೂರಿನಲ್ಲಿ ಬಸ್ಸಿಳಿದ. ಮೂಕಮ್ಮ ಅಂಗಳದಲ್ಲಿ ಖಾಲಿ ಕ್ರೇಟುಗಳನ್ನು ತೊಳೆಯುತ್ತಿದ್ದರು. ಆಚೆ ಗೊಬ್ಬರದ ಗುಂಡಿಯ ಅಂಚೆಲ್ಲ ನೇರಳೆ ಬಣ್ಣ ಹಿಡಿದಿತ್ತು. ಅವನು ನಿಂತಲ್ಲೇ ಎ‍ಲ್ಲ ಹೇಳಿದ. ಸೆಂಟ್ರಿಫ್ಯೂಜ್, ಮಲ್ಲಿನ ಬಟ್ಟೆ, ಗಳ, ಹಸಿ ಸೌದೆ, ಯಾವುದನ್ನೂ ಬಿಡಲಿಲ್ಲ. "ನಿಮ್ಮ ಹಣ್ಣಲ್ಲಿ ಹೊಗೆ ಇರ್ಲಿಲ್ಲ. ಇದ್ದದ್ದು ನನ್ನ ಬಟ್ಟೇಲಿ. ತಪ್ಪು ನಂದು."

ಮೂಕಮ್ಮ ಕ್ರೇಟನ್ನು ಬೋರಲು ಹಾಕಿ ಎದ್ದರು. "ಇದನ್ನ ನಂಗೆ ಹೇಳಿದ್ರೆ ಸಾಲದು. ಬನ್ನಿ."

ಬೇಲಿಯಲ್ಲಿ ಹತ್ತಿಳಿಯಲು ಮಾಡಿದ ತಡಬೆ ದಾಟಿದರೆ ಚಂದ್ರಯ್ಯನ ಕೊಟ್ಟಿಗೆ. ಚಂದ್ರಯ್ಯ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಲುಂಗಿ ಮೇಲೆ ಕಟ್ಟಿದ್ದ, ಮೀನಖಂಡದ ಮೇಲೆ ಅಂಗೈ ಅಗಲದ ಸುಟ್ಟ ಕಲೆ ಇನ್ನೂ ಕೆಂಪಗಿತ್ತು. ತೀರ್ಥೇಶ ಮತ್ತೆ ಮೊದಲಿನಿಂದ ಹೇಳಿದ. ಬೆಂಕಿ ಹಚ್ಚಿದವರ ಬಗ್ಗೆ ತಾನು ಆಡಿದ ಮಾತನ್ನೂ ಹೇಳಿದ. ಕಾಗದ ಮುಂದೆ ಹಿಡಿದ. ಚಂದ್ರಯ್ಯ ಅದನ್ನು ಮುಟ್ಟಲಿಲ್ಲ.

"ಚೌಡಿ ಮುಂದೆ ಒಂದ್ಸಲ ಹೇಳಿದ್ದೆ," ಅಂದ. "ಮೂಕಕ್ಕ ನಿಮ್ಮ ಕೆಂಪು ಸುತ್ತು ಹಾಕಿದ ಕಾಗದ ಹಿಡ್ಕೊಂಡು, ಅಷ್ಟು ಹೆಂಗಸ್ರ ಎದುರು, ಇನ್ನೊಂದ್ಸಲ ಕಲ್ಲು ಮುಟ್ಟು ಅಂತು. ನಾನು ಮುಟ್ಟಲಿಲ್ಲ. ಎರಡು ಸಲ ಮಾಡಿಸಿದ್ರೆ ಅದು ಆಣೆ ಅಲ್ಲ. ಮುಟ್ಟಲಿಲ್ಲ ಅಂತ ನಾನೇ ಹಚ್ಚಿದ್ದು ಅಂತಾಯ್ತು."

"ತಪ್ಪಾಯ್ತು ಚಂದ್ರಯ್ಯ," ಅಂದರು ಮೂಕಮ್ಮ.

"ಆಯ್ತಲ್ಲ ಅಕ್ಕ. ಬರೋ ವರ್ಷ ಗುಡ್ಡ ನೀವೇ ಕಾಯ್ಕೊಳ್ಳಿ. ನಾನು ಹಚ್ಚೋದಿಲ್ಲ. ಬೆಂಕಿ ಬಂದ್ರೆ ಆರ್ಸಕ್ಕೂ ಬರೋದಿಲ್ಲ." ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ಇಬ್ಬರೂ ತಡಬೆ ದಾಟಿ ವಾಪಸಾದರು. ತೀರ್ಥೇಶನಿಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಗುಡುಗಿನ ಮೇಲೆ, ರಿಪೇರಿಯವರ ಮೇಲೆ, ಆ ಹಟಮಾರಿ ಮುದುಕನ ಮೇಲೆ. ಕೊನೆಗೆ ಅದು ಮೂಕಮ್ಮನ ಮೇಲೆ ತಿರುಗಿತು. "ಅವತ್ತು ನೀವು ನನ್ನ ಹತ್ರ ಜಗಳ ಆಡಬೇಕಿತ್ತು! ನಲವತ್ತು ವರ್ಷದ ನೆರೆಯೋರು ಅವರು. ಅವರ ಮಾತು ಬಿಟ್ಟು ಆ ಹಾಳು ಮಿಷನ್ನಿನ ಮಾತು ಯಾಕೆ ನಂಬಿದ್ರಿ?"

"ಮಿಷನ್ನು ನಂಬಿದ್ದಲ್ಲ ಗೌಡ್ರೇ," ಅಂದರು ಮೂಕಮ್ಮ. "ನಿಮ್ಮನ್ನ ನಂಬಿದ್ದು. ಆ ಕೋಣೆ ತುಂಬ ಸ್ಪಿರಿಟ್ ನಾತ. ಅದರ ಮಧ್ಯೆ ನಿಮ್ಮ ಹತ್ರ ಬಗ್ಗಿ ನಿಂತ್ರೆ ನಿಮ್ಮ ಕೋಟು ಬಚ್ಚಲೊಲೆ ಹೊಗೆ ವಾಸ್ನೆ ಬರ್ತಿತ್ತು. ನಮ್ಮನೆಯೋರ ಬಟ್ಟೆನೂ ಹಂಗೇ ಬರೋದು. ಇವರು ಪೇಟೆಯೋರಲ್ಲ, ನಮ್ಮೋರೇ, ನಮಗೆ ಸುಳ್ಳು ಹೇಳಕ್ಕಿಲ್ಲ ಅಂದ್ಕೊಂಡೆ."

ಮೂಕಮ್ಮ ಉಳಿದ ಕ್ರೇಟು ತೊಳೆಯಲು ಕೂತರು. ತೀರ್ಥೇಶ ಅಂಗಿಯ ತೋಳನ್ನು ಮೂಗಿಗೆ ಹಿಡಿದು ಎರಡು ಸಲ ಉಸಿರೆಳೆದ. ಎಂಥದೂ ಇರಲಿಲ್ಲ.